ಗೇಟಿನ ಒಳಗಿನ ಕೂಲಿ, ಗೇಟಿನ ಹೊರಗಿನ ಕೊಡುಗೆ



ಕಾರ್ಕಳದಿಂದಲೂ ಕಾಪುವಿನಿಂದಲೂ ಶ್ರೋತೃಗಳು ಬರೆಯುವ ಪತ್ರಗಳಲ್ಲಿ ಒಂದೇ ಕಳವಳವು ಮರಳಿ ಮರಳಿ ಕಾಣಿಸಿಕೊಳ್ಳುತ್ತಿದೆ: ಶಾಲೆಗೆ ಬೆಂಚನ್ನೂ ಆಸ್ಪತ್ರೆಗೆ ಆಂಬುಲೆನ್ಸನ್ನೂ ಕೊಡುವ ಕಂಪನಿಯ ಗೇಟಿನೆದುರು ಅದರ ಕಾರ್ಮಿಕರೇ ಧರಣಿ ಕುಳಿತರೆ, ಕೊಡುಗೆಯನ್ನು ಸ್ವೀಕರಿಸಿದ ಊರಿನವರು ಯಾರ ಪಕ್ಷವನ್ನು ವಹಿಸತಕ್ಕದ್ದು? ಮಳೆಗಾಲದಲ್ಲಿ ಬನ್ನಂಜೆಯ ನಮ್ಮ ಗದ್ದೆಗೆ ಬಾಡಿಗೆಯ ಟಿಲ್ಲರ್ ತಂದ ಯುವಕನು ಕೆಸರಿನಲ್ಲಿ ಯಂತ್ರವನ್ನು ನಿಲ್ಲಿಸಿ, "ಊರಿಗೆ ಅಷ್ಟು ಕೊಡ್ತಾರೆ ಮಾರಾಯ್ರೆ, ಇವರಿಗೆ ಮತ್ತೆಂತ ಸ್ಟ್ರೈಕ್?" ಎಂದು ನನ್ನನ್ನೇ ಕೇಳಿದನು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ.

2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಸ್ವಂತ ನೌಕರರ ಪ್ರಯೋಜನಕ್ಕಾಗುವ ಖರ್ಚನ್ನು ಆ ಲೆಕ್ಕಕ್ಕೆ ಹಿಡಿಯಕೂಡದೆಂದು ನಿಯಮವೇ ಸಾರುತ್ತದೆ. ಇನ್ನು ಲೆಕ್ಕವನ್ನು ಗಮನಿಸಿರಿ. ಲಾಭವೆಂಬುದು ಕೂಲಿಯನ್ನು ಕಳೆದ ಮೇಲೆ ಉಳಿಯುವ ಮೊತ್ತವಷ್ಟೆ. ವರ್ಷಕ್ಕೆ ಒಂದು ಕೋಟಿ ರೂಪಾಯಿ ಕೂಲಿಯನ್ನು ಕಡಿತ ಮಾಡಿದರೆ ಲಾಭವು ಒಂದು ಕೋಟಿ ಏರುತ್ತದೆ; ಹೀಗೆಯೇ ವರ್ಷಗಳು ಕಳೆದರೆ ಸಮಾಜಕ್ಕೆ ಸಲ್ಲುವ ಹೆಚ್ಚಳ ವರ್ಷಕ್ಕೆ ಎರಡು ಲಕ್ಷ. ಇನ್ನೊಮ್ಮೆ ಹೇಳುತ್ತೇನೆ: ಕಾರ್ಮಿಕನು ಕಳೆದುಕೊಂಡದ್ದು ಕೋಟಿ, ಊರಿಗೆ ಬಂದದ್ದು ಎರಡು ಲಕ್ಷ. ಉಳಿದ ತೊಂಬತ್ತೆಂಟು ಲಕ್ಷ ಎಲ್ಲಿ ಹೋಯಿತೆಂದು ಬೆಂಚಿನ ಬೆನ್ನ ಮೇಲೆ ಯಾರೂ ಬರೆಸುವುದಿಲ್ಲ. ಆದುದರಿಂದ ಕೊಡುಗೆಯನ್ನು ತೋರಿಸಿ ಕೂಲಿಯ ಬಾಯಿ ಮುಚ್ಚಿಸುವುದು ಸಲ್ಲದು. ಎರಡೂ ಬೇರೆ ಬೇರೆ ಖಾತೆಗಳು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು, ಯಾವ ಕಾಯ್ದೆಯ ಒತ್ತಾಯವೂ ಇಲ್ಲದೆ, 1910ರಲ್ಲಿ ಆರಂಭಿಸಿದ ನೇಗಿಲಿನ ಕಾರ್ಖಾನೆಯ ಸುತ್ತ ಕಿರ್ಲೋಸ್ಕರವಾಡಿಯೆಂಬ ಊರನ್ನೇ ಕಟ್ಟಿದರು. ಆ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಊರು ಕಟ್ಟಿದ ಮಾತ್ರಕ್ಕೆ ಕೂಲಿಯ ಪ್ರಶ್ನೆ ಇತ್ಯರ್ಥವಾಗದೆಂಬುದಕ್ಕೆ ಆಸ್ಟ್ರೇಲಿಯದ ಸನ್‌ಶೈನ್ ಸಾಕ್ಷಿ. ಅಲ್ಲಿ ಕಟಾವು ಯಂತ್ರವನ್ನು ತಯಾರಿಸುತ್ತಿದ್ದ ಮೆಕೇ ಎಂಬ ಉದ್ಯಮಿಯು ಕೆಲಸಗಾರರಿಗೆ ಮನೆಗಳನ್ನೂ 1909ರಲ್ಲಿ ಉದ್ಯಾನವನ್ನೂ ನಿರ್ಮಿಸಿದನು. ಅದಕ್ಕೂ ಮೊದಲೇ, 1907ರಲ್ಲಿ, ಅವನ ಕಾರ್ಖಾನೆಯ ಕೂಲಿಯ ಮೊಕದ್ದಮೆಯಲ್ಲಿ ನ್ಯಾಯಾಧೀಶ ಹಿಗಿನ್ಸ್ ಗೃಹಿಣಿಯರನ್ನು ಸಾಕ್ಷಿಗೆ ಕರೆಸಿ, ಬಾಡಿಗೆ, ಆಹಾರ, ಉರುವಲುಗಳ ಖರ್ಚನ್ನು ಕೇಳಿ ತಿಳಿದು, ಹೆಂಡತಿಯೂ ಮೂವರು ಮಕ್ಕಳೂ ಇರುವ ಸಾಮಾನ್ಯ ಕೂಲಿಯಾಳಿಗೆ ದಿನಕ್ಕೆ ಏಳು ಶಿಲಿಂಗ್ ಸಲ್ಲಬೇಕೆಂದು ತೀರ್ಪಿತ್ತಿದ್ದನು. ಮರುವರ್ಷ ಮೇಲಿನ ನ್ಯಾಯಾಲಯವು ಆ ತೀರ್ಪಿಗೆ ಆಧಾರವಾದ ಕಾಯ್ದೆಯನ್ನೇ ರದ್ದುಪಡಿಸಿತು. 1911ರಲ್ಲಿ, ಉದ್ಯಾನವು ಚಿಗುರುತ್ತಿರುವಾಗಲೇ, ಅದೇ ಊರಿನಲ್ಲಿ ದೀರ್ಘ ಮುಷ್ಕರ ನಡೆಯಿತು. ನಮ್ಮಲ್ಲಿಯೂ 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಯನ್ನು ಲೆಕ್ಕ ಹಾಕಲು ಒಂದು ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆಯೆಂದು ಗೊತ್ತುಪಡಿಸಿತು. ಮಕ್ಕಳ ಶಿಕ್ಷಣ, ಔಷಧ ಮೊದಲಾದವುಗಳಿಗೆ ಕನಿಷ್ಠ ಕೂಲಿಯಲ್ಲಿ ಶೇಕಡ 25ರಷ್ಟು ಇರಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಸೇರಿಸಿತು. ಹೀಗೆ ಕೂಲಿಯ ಅಳತೆಗೋಲು ಕಾರ್ಮಿಕನ ಅಡುಗೆಮನೆಯಲ್ಲಿದೆ.

ಸಮಯ ಮೀರುತ್ತಿರುವುದರಿಂದ ಸಲಹೆಗಳನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕಾರ್ಮಿಕ ಬಂಧುಗಳೆ, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಅಗತ್ಯ. ಅರ್ಧದಷ್ಟು ಜನ ಒಟ್ಟಾಗಿ ಸಾಂದರ್ಭಿಕ ರಜೆ (ಸಿ.ಎಲ್.) ಹಾಕಿದರೂ ಅದು ಮುಷ್ಕರವೇ. ಸಂಧಾನ ನಡೆಯುತ್ತಿರುವಾಗ ಕೆಲಸ ನಿಲ್ಲಿಸುವಂತಿಲ್ಲ. ಊರಿನವರೆ, ಬೆಂಚನ್ನು ಹಿಂದಿರುಗಿಸಬೇಕಾಗಿಲ್ಲ. ಉದ್ಘಾಟನೆಗೆ ಬಂದ ಅಧಿಕಾರಿಗಳಿಂದ ವಾರ್ಷಿಕ ವರದಿಯನ್ನು ಕೇಳಿ ಪಡೆದು, ಸಮಾಜಕಾರ್ಯದ ಖರ್ಚಿನ (ಸಿಎಸ್‌ಆರ್) ಪುಟದೊಡನೆ ನೌಕರರ ವೆಚ್ಚದ ಸಾಲನ್ನೂ ಓದಿರಿ. ಗುತ್ತಿಗೆ ಕಾರ್ಮಿಕರ ಕೂಲಿಯು ಆ ಸಾಲಿನಲ್ಲಿ ಕಾಣದೆ ಇತರ ಖರ್ಚುಗಳ ನಡುವೆ ಸೇರಿಹೋಗಿರುವುದುಂಟು. ಅದನ್ನು ಅಲ್ಲಿಯೂ ಹುಡುಕಿರಿ.