ಬುಲೆಟ್ಟಿನ ತವರುಮನೆ

ಬೀದಿಯ ತಿರುವಿನಲ್ಲಿ ಬುಲೆಟ್ ಮೋಟಾರ್ ಸೈಕಲ್ ಬರುತ್ತಿದ್ದರೆ ಅದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ಹಳೆಯ ಬುಲೆಟ್ ಇದ್ದಿದ್ದರೆ, ಅದನ್ನು ಎಬ್ಬಿಸುವ ವಿಧಿಯೂ ನಿಮಗೆ ನೆನಪಿದ್ದೀತು. ಡಿಕಂಪ್ರೆಸರನ್ನು ಅಮುಕಿ ಹಿಡಿದು, ಆಂಪಿಯರ್ ಮುಳ್ಳು ನಟ್ಟನಡುವೆ ನಿಲ್ಲುವವರೆಗೆ ಕಿಕ್ಕನ್ನು ಮೆಲ್ಲಗೆ ಒತ್ತಿ, ಬಳಿಕ ಮೈಭಾರವನ್ನೆಲ್ಲ ಕಾಲಿಗೆ ತಂದು ಒಮ್ಮೆ ಒದೆಯಬೇಕು. ಲೆಕ್ಕ ತಪ್ಪಿದರೆ ಅದು ತಿರುಗಿ ಒದೆಯುತ್ತಿತ್ತು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈ ನಡೆನುಡಿಯನ್ನೆಲ್ಲ ಅದು ಕಲಿತು ಬಂದದ್ದು ತನ್ನ ತವರುಮನೆಯಿಂದ.

ಆ ತವರು ಇಂಗ್ಲೆಂಡಿನ ರೆಡಿಚ್. ಮೊದಲು ಸೂಜಿಗೆ ಹೆಸರಾಗಿದ್ದ ಊರು. ಅಲ್ಲಿದ್ದ ರಾಯಲ್ ಎನ್‌ಫೀಲ್ಡ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ಬೇರೊಂದು ಊರಿನಲ್ಲಿ ನಡೆಯುತ್ತಿದ್ದ ಅಲ್ಪಸ್ವಲ್ಪ ಕೆಲಸವೂ 1970ರ ವೇಳೆಗೆ ನಿಂತಿತು. ರಾಯಲ್ ಎನ್‌ಫೀಲ್ಡ್ ಒಂದೇ ಅಲ್ಲ. ಜಗತ್ತಿನ ರಸ್ತೆಗಳನ್ನು ಆಳಿದ ಆ ಉದ್ಯಮವೇ ಇಪ್ಪತ್ತು ವರ್ಷಗಳೊಳಗೆ ಕುಸಿದುಬಿತ್ತು. ಇದು ಹೇಗಾಯಿತು ಎಂಬುದನ್ನು ಇಂದು ನಿಮ್ಮೊಡನೆ ಕುಳಿತು ನೋಡಬೇಕೆಂದಿದ್ದೇನೆ.

ಮೊದಲು ಅದರ ಒಳ್ಳೆಯ ಕಾಲ. ಇಂಗ್ಲೆಂಡಿನ ನಡುಭಾಗದಲ್ಲಿ ಬರ್ಮಿಂಗ್‌ಹ್ಯಾಮ್, ಕಾವೆಂಟ್ರಿ, ರೆಡಿಚ್ ಊರುಗಳು ಹತ್ತಿರ ಹತ್ತಿರವೇ ಇವೆ. ಬರ್ಮಿಂಗ್‌ಹ್ಯಾಮಿನ ಬಂದೂಕು ಕುಶಲಿಗಳು 1861ರಲ್ಲಿ ಕೂಡಿ ಕಟ್ಟಿದ ಕಂಪನಿಯೇ ಬಿ.ಎಸ್.ಎ. ಬಂದೂಕಿನಿಂದ ಸೈಕಲ್ಲಿಗೆ ಬಂದು, 1910ರ ಹೊತ್ತಿಗೆ ಅದು ಮೋಟಾರ್ ಸೈಕಲ್ಲಿಗೆ ಕೈಹಾಕಿತು. ಮೂರು ಬಂದೂಕುಗಳನ್ನು ಒರಗಿಸಿ ನಿಲ್ಲಿಸಿದ ಚಿತ್ರವೇ ಅದರ ಲಾಂಛನ. ಕಾವೆಂಟ್ರಿಯ ಟ್ರಯಂಫ್ ಕಂಪನಿಯನ್ನು ಸ್ಥಾಪಿಸಿದವನು ಜರ್ಮನಿಯ ನ್ಯೂರೆಂಬರ್ಗಿನಿಂದ ಬಂದ ಸೀಗ್‌ಫ್ರೀಡ್ ಬೆಟ್‌ಮನ್. 1907ರಿಂದ ಮ್ಯಾನ್ ದ್ವೀಪದಲ್ಲಿ ನಡೆದುಬಂದ ಟಿ.ಟಿ. ಪಂದ್ಯದಲ್ಲಿ ನಾರ್ಟನ್ ಗಾಡಿಗಳು ಹೆಸರು ಮಾಡಿದವು. ಎರಡನೆಯ ಮಹಾಯುದ್ಧದಲ್ಲಿ ಬಿ.ಎಸ್.ಎ.ಯ ಎಂ-20 ಎಂಬ ಒಂದೇ ಮಾದರಿ ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಯುದ್ಧ ಮುಗಿದಾಗ ಬ್ರಿಟನ್ನಿಗೆ ಡಾಲರಿನ ಹಸಿವು; ಅಮೆರಿಕದ ತರುಣರಿಗೆ ವೇಗದ ಹಸಿವು. ಹಡಗು ಹಡಗಾಗಿ ಗಾಡಿಗಳು ಅಟ್ಲಾಂಟಿಕ್ ದಾಟಿದವು. 1951ರಲ್ಲಿ ಬಿ.ಎಸ್.ಎ. ಕಂಪನಿ ಟ್ರಯಂಫನ್ನೂ ಕೊಂಡು, ಮೋಟಾರ್ ಸೈಕಲ್ ತಯಾರಕರಲ್ಲಿ ಜಗತ್ತಿಗೇ ದೊಡ್ಡದೆನಿಸಿಕೊಂಡಿತು.

ಈ ಸಿರಿಯ ಬುಡದಲ್ಲಿದ್ದದ್ದು ಒಂದು ಎಂಜಿನ್ನು. ಟ್ರಯಂಫಿನ ಎಡ್ವರ್ಡ್ ಟರ್ನರ್ ಎಂಬಾತ 1937ರಲ್ಲಿ ಸ್ಪೀಡ್ ಟ್ವಿನ್ ಎಂಬ ಗಾಡಿಯನ್ನು ಹೊರತಂದ. 500 ಸಿ.ಸಿ.ಯ ಎಂಜಿನ್ನಿನಲ್ಲಿ ಎರಡು ಸಿಲಿಂಡರುಗಳು ಅಕ್ಕಪಕ್ಕ. ನೋಟಕ್ಕೆ ಚೆಲುವು, ತೂಕಕ್ಕೆ ಹಗುರ, ಓಟಕ್ಕೆ ಚುರುಕು. ಯುದ್ಧದ ಅನಂತರ ಬಿ.ಎಸ್.ಎ., ನಾರ್ಟನ್, ರಾಯಲ್ ಎನ್‌ಫೀಲ್ಡ್ ಎಲ್ಲರೂ ಅದೇ ದಾರಿ ಹಿಡಿದರು. ಅಷ್ಟರಮಟ್ಟಿಗೆ ಸರಿಯೇ. ಆದರೆ ಆ ಎಂಜಿನ್ನನ್ನೇ 650 ಸಿ.ಸಿ.ಗೆ, ಮುಂದೆ 750 ಸಿ.ಸಿ.ಗೆ ಹಿಗ್ಗಿಸುತ್ತ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಹಿಗ್ಗಿಸಿದಷ್ಟೂ ನಡುಕ ಹೆಚ್ಚಿತು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ ಇರಬೇಕು.

ಬ್ರಿಟಿಷ್ ಗಾಡಿ ನಿಂತ ಕಡೆ ಎಣ್ಣೆಯ ಗುರುತು ಬಿಡುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದಕ್ಕೂ ಕಾರಣವುಂಟು. ಎಂಜಿನ್ನಿನ ಹೊಟ್ಟೆಯ ಪೆಟ್ಟಿಗೆಯನ್ನು ಅವರು ಎಡ ಬಲ ಎರಡು ಹೋಳಾಗಿ ಮಾಡಿ ಕೂಡಿಸುತ್ತಿದ್ದರು; ಕೂಡಿಕೆಯ ಗೆರೆ ಮೇಲಿನಿಂದ ತಳದವರೆಗೆ ಇಳಿದು ಎಣ್ಣೆಯ ನಡುವೆಯೇ ಹಾಯುತ್ತಿತ್ತು. ಹೋಳುಗಳನ್ನು ಕೊರೆಯುವ ಯಂತ್ರಗಳೋ, ಬಹಳಷ್ಟು ಕಡೆ ಯುದ್ಧಕ್ಕಿಂತ ಹಿಂದಿನವು, ಸವೆದವು. ಮುಖಗಳು ಒಂದಕ್ಕೊಂದು ಸರಿಯಾಗಿ ಕೂರದಿದ್ದರೆ ಎಣ್ಣೆ ಜಿನುಗದೆ ಏನು ಮಾಡೀತು? ಜಪಾನಿನವರು ಪೆಟ್ಟಿಗೆಯನ್ನು ಮೇಲೆ ಕೆಳಗೆ ಎರಡು ಹೋಳಾಗಿಸಿ, ಹೊಸ ಯಂತ್ರಗಳಿಂದ ನಯವಾಗಿ ಕೊರೆದರು. ಎಣ್ಣೆ ಒಳಗೇ ಉಳಿಯಿತು.

ಜಪಾನಿನ ಹೋಂಡಾ ಕಂಪನಿ 1958ರಲ್ಲಿ ಸೂಪರ್ ಕಬ್ ಎಂಬ 50 ಸಿ.ಸಿ.ಯ ಪುಟ್ಟ ಗಾಡಿಯನ್ನು ತಂದಿತು. ಮರುವರ್ಷ ಮ್ಯಾನ್ ದ್ವೀಪದ ಪಂದ್ಯಕ್ಕೂ ಬಂತು. 1961ರಲ್ಲಿ ಮೈಕ್ ಹೇಲ್‌ವುಡ್ ಎಂಬ ಇಂಗ್ಲಿಷ್ ತರುಣ ಅದೇ ಪಂದ್ಯದಲ್ಲಿ 125 ಮತ್ತು 250 ಸಿ.ಸಿ. ವರ್ಗಗಳನ್ನು ಹೋಂಡಾ ಏರಿ ಗೆದ್ದ. ಅದೇ ವಾರ 500 ಸಿ.ಸಿ.ಯ ಹಿರಿಯ ಪಂದ್ಯವನ್ನು ಗೆದ್ದದ್ದು ಮಾತ್ರ ನಾರ್ಟನ್ ಏರಿ. ದೊಡ್ಡದು ನಮ್ಮದೇ ತಾನೆ ಎಂದು ಬ್ರಿಟಿಷರು ಸಮಾಧಾನಪಡಲು ಇಷ್ಟು ಸಾಕಾಗಿತ್ತು.

ಎಚ್ಚರಿಕೆ ಕೊಟ್ಟವರು ಇರಲಿಲ್ಲವೆಂದಲ್ಲ. ಎಡ್ವರ್ಡ್ ಟರ್ನರನೇ 1960ರಲ್ಲಿ ಜಪಾನಿಗೆ ಹೋಗಿ, ಅಲ್ಲಿಯ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ವರದಿ ಬರೆದ. ಆದರೆ ಆಡಳಿತ ಮಂಡಲಿಗಳ ಲೆಕ್ಕವೇ ಬೇರೆ: ಸಣ್ಣ ಗಾಡಿಯಲ್ಲಿ ಲಾಭ ಕಡಿಮೆ, ಅದು ಜಪಾನಿಗಿರಲಿ; ಅದರಲ್ಲಿ ಕಲಿತ ಹುಡುಗ ನಾಳೆ ನಮ್ಮ ದೊಡ್ಡ ಗಾಡಿ ಕೊಳ್ಳಲು ಬಂದೇ ಬರುತ್ತಾನೆ. ಹೀಗೆ ಸಣ್ಣ ಗಾಡಿಯನ್ನು ಬಿಟ್ಟರು. ಆಮೇಲೆ 250 ಸಿ.ಸಿ.; ಆಮೇಲೆ 350. ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಒತ್ತಲು ಬಿಟ್ಟವನಿಗೆ ಕೊನೆಗೆ ಉಳಿಯುವುದೇನು? ಇದೇ ಹಿಂಜರಿಕೆಯನ್ನು 1975ರಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಸಿದ್ಧಪಡಿಸಿದ ವರದಿಯೂ ಎತ್ತಿ ತೋರಿಸಿತು.

ಕಡೆಯ ಬದುವಿಗೂ ಹೋಂಡಾ ಬಂತು. ಬಿ.ಎಸ್.ಎ. ಮತ್ತು ಟ್ರಯಂಫ್ 1968ರಲ್ಲಿ ಮೂರು ಸಿಲಿಂಡರಿನ 750 ಸಿ.ಸಿ. ಗಾಡಿಯನ್ನು ಹೊರಡಿಸಿದ್ದವು. ಅದರ ನಕ್ಷೆ ಸಿದ್ಧವಾಗಿ ವರ್ಷಗಳೇ ಆಗಿದ್ದವು. ಒಪ್ಪಿಗೆ ಬಂದದ್ದು ತಡ. 1969ರಲ್ಲಿ ಹೋಂಡಾದ ಸಿ.ಬಿ. 750 ಪೇಟೆಗೆ ಬಂದಾಗ ಅದಕ್ಕೆ ನಾಲ್ಕು ಸಿಲಿಂಡರು, ಐದು ಗೇರು, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ಗುಂಡಿ ಒತ್ತಿದರೆ ಚಾಲೂ. ಬ್ರಿಟಿಷ್ ಗಾಡಿಗೆ ಇನ್ನೂ ನಾಲ್ಕು ಗೇರು, ಡ್ರಮ್ ಬ್ರೇಕು, ಕಾಲಿನ ಒದೆತ. ಗಿರಾಕಿ ಯಾವುದನ್ನು ಆರಿಸಿಯಾನು?

ಮುಂದಿನದು ನೋವಿನ ಕಥೆ. 1971ರ ಮಾದರಿಗಾಗಿ ಸಂಶೋಧನಾ ಕೇಂದ್ರದ ಪಂಡಿತರು ಹೊಸ ಚೌಕಟ್ಟನ್ನು ರೂಪಿಸಿ ಕಾರ್ಖಾನೆಗೆ ಕಳುಹಿದರು. ಅದು ಬಂದದ್ದು ತಡವಾಗಿ. ಬಂದ ಮೇಲೆ ನೋಡಿದರೆ ಎಂಜಿನ್ನು ಒಳಗೆ ಕೂರಲಿಲ್ಲ! 1973ರಲ್ಲಿ ಬಿ.ಎಸ್.ಎ. ಕುಸಿದು, ಸರ್ಕಾರದ ಹಣದ ನೆರವಿನಿಂದ ನಾರ್ಟನ್ನಿನೊಡನೆ ಸೇರಿಹೋಯಿತು. ಆ ಸೆಪ್ಟೆಂಬರಿನಲ್ಲಿ, ಕಾವೆಂಟ್ರಿಯ ಬಳಿಯ ಮೆರಿಡನ್ನಿನಲ್ಲಿದ್ದ ಟ್ರಯಂಫ್ ಕಾರ್ಖಾನೆಯನ್ನು ಮುಚ್ಚುವುದಾಗಿ ಹೊಸ ಆಡಳಿತ ಸಾರಿತು. ಕೆಲಸಗಾರರು ಗೇಟಿಗೆ ಅಡ್ಡ ನಿಂತರು. ಒಳಗಿದ್ದ ಗಾಡಿಗಳನ್ನು ಹೊರಬಿಡಲಿಲ್ಲ. ಒಂದೂವರೆ ವರ್ಷ, ಚಳಿಗಾಲಗಳಲ್ಲೂ, ಸರದಿಯಂತೆ ಕಾವಲಿದ್ದರು. ಕೊನೆಗೆ 1975ರಲ್ಲಿ, ಮಂತ್ರಿ ಟೋನಿ ಬೆನ್ನರ ಬೆಂಬಲದಿಂದ, ಸುಮಾರು 50 ಲಕ್ಷ ಪೌಂಡ್ ಸರ್ಕಾರಿ ಹಣ ಪಡೆದು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಎಲ್ಲರಿಗೂ ಸಮ ಸಂಬಳ. ಆದರೆ ಕೈಯಲ್ಲಿದ್ದದ್ದು ಅದೇ ಹಳೆಯ ಎಂಜಿನ್ನು, ಅದೇ ಹಳೆಯ ಯಂತ್ರಗಳು. ಎಂಟು ವರ್ಷ ಹೆಣಗಿ 1983ರಲ್ಲಿ ಬಾಗಿಲು ಹಾಕಿದರು. ತಪ್ಪು ಮಾಡಿದವರು ಒಬ್ಬರು, ದಂಡ ತೆತ್ತವರು ಮತ್ತೊಬ್ಬರು.

ಇನ್ನು ನಮ್ಮ ಬುಲೆಟ್ಟು. 1950ರ ದಶಕದ ಮೊದಲಲ್ಲಿ ನಮ್ಮ ಸೈನ್ಯಕ್ಕೆಂದು 800 ಬುಲೆಟ್ಟುಗಳಿಗೆ ಬೇಡಿಕೆ ಹೋಯಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಮೊದಲು ಬಿಡಿಭಾಗಗಳನ್ನು ತರಿಸಿ ಜೋಡಿಸಿ, ಆಮೇಲೆ ಭಾಗಗಳನ್ನೂ ಇಲ್ಲೇ ಮಾಡಿದರು. ತವರು ಅಳಿದ ಮೇಲೂ ಮಗಳು ಬಾಳಿದಳು. 1977ರಲ್ಲಿ ಮದ್ರಾಸಿನ ಬುಲೆಟ್ಟುಗಳು ಬ್ರಿಟನ್ನಿಗೇ ಮಾರಾಟಕ್ಕೆ ಹೋದವು. ಮುಂದೆ 2016ರಲ್ಲಿ ಬಿ.ಎಸ್.ಎ. ಹೆಸರು ಮಹೀಂದ್ರ ಬಳಗಕ್ಕೆ, 2020ರಲ್ಲಿ ನಾರ್ಟನ್ ಟಿ.ವಿ.ಎಸ್. ಕಂಪನಿಗೆ ಬಂತು. ಟ್ರಯಂಫನ್ನು ಮಾತ್ರ ಜಾನ್ ಬ್ಲೂರ್ ಎಂಬ ಇಂಗ್ಲಿಷ್ ಉದ್ಯಮಿ 1983ರಲ್ಲಿ ಕೊಂಡ. ಹಳೆಯದನ್ನು ತೇಪೆ ಹಾಕದೆ, ಹಿಂಕ್ಲಿ ಎಂಬಲ್ಲಿ ಹೊಸ ಕಾರ್ಖಾನೆ, ಹೊಸ ಯಂತ್ರ, ಹೊಸ ಎಂಜಿನ್ನು ಮಾಡಿ 1990ರ ದಶಕದ ಆರಂಭದಲ್ಲಿ ಮತ್ತೆ ಗಾಡಿ ಹೊರಡಿಸಿದ. ಮೆರಿಡನ್ನಿನವರಿಗೆ ಇಲ್ಲದೆ ಹೋದದ್ದು ಕಸುಬಲ್ಲ, ಇದೇ ಬಂಡವಾಳ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟೊಂದು ಹೆಸರುಗಳು ನಮ್ಮ ದೇಶಕ್ಕೆ ಬಂದುವೆಂದು ನಾವು ಹಿಗ್ಗಬಹುದು. ಆದರೆ ಹೆಸರಿನ ಜೊತೆಗೆ ಈ ಪಾಠವೂ ಬಂದಿದೆ: ಗಾಡಿ ಚೆನ್ನಾಗಿ ಮಾರುತ್ತಿರುವಾಗಲೇ ಹೊಸ ಯಂತ್ರ ಕೊಳ್ಳಬೇಕು. ಇನ್ನೊಮ್ಮೆ ನಿಮ್ಮ ಬೀದಿಯಲ್ಲಿ ಆ ಸದ್ದು ಕೇಳಿದಾಗ, ಮೆರಿಡನ್ನಿನ ಗೇಟಿನ ಮುಂದೆ ಚಳಿಯಲ್ಲಿ ನಿಂತಿದ್ದವರನ್ನೂ ಒಂದು ಕ್ಷಣ ನೆನೆಯಿರಿ.