ಶ್ರುತಿಪೆಟ್ಟಿಗೆಯೂ ಅದರ ಕಾಗದವೂ

ವಿದ್ಯುನ್ಮಾನ ತಂಬೂರಿಯನ್ನು ಬೆಂಗಳೂರಿನಲ್ಲಿ 1979ರಲ್ಲಿ ರೂಪಿಸಿದವರು ಕೊಳಲುವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್. ಇರಕಲ್ಲಗಡದ ನಮ್ಮ ಹುಡುಗರದು ಅದಕ್ಕಿಂತ ಬಡ ಸಾಹಸ. 555 ಎಂಬ ಟೈಮರ್ ಚಿಪ್ಪಿನಿಂದ ಒಂದು ಶ್ರುತಿಪೆಟ್ಟಿಗೆ ಮಾಡಿದರು. ಆ ಚಿಪ್ಪು 4.5ರಿಂದ 16 ವೋಲ್ಟಿನವರೆಗೆ ತಾಳುವಂಥದು. “9 ವೋಲ್ಟಿನ ಬ್ಯಾಟರಿ ಜೋಡಿಸಿರಿ” ಎಂದು ಬಳಕೆಯ ಕ್ರಮವನ್ನು ನಾನೇ ಬರೆದುಕೊಟ್ಟೆ.

ಮರುವರ್ಷ, ಷಡ್ಜದೊಡನೆ ಪಂಚಮವೂ ಬೇಕೆಂದು, 5 ವೋಲ್ಟಿನ ಮೈಕ್ರೋಕಂಟ್ರೋಲರ್ ಕೂಡಿಸಿದರು. ಪೆಟ್ಟಿಗೆ ಬದಲಾಯಿತು, ಕಾಗದ ಬದಲಾಗಲಿಲ್ಲ. ಹೊಸದಾಗಿ ಸೇರಿದ ಬಾಲಕಿಯೊಬ್ಬಳು ಕಾಗದವನ್ನು ನಂಬಿ 9 ವೋಲ್ಟು ಕೊಟ್ಟಳು, ಚಿಪ್ಪು ಸುಟ್ಟುಹೋಯಿತು. “ತಪ್ಪು ನಂದೇನ್ರೀ ಸರ?” ಎಂದು ಕಣ್ಣೀರಿಟ್ಟಳು. ತಪ್ಪು ನನ್ನದಾಗಿತ್ತು.

ಓಲೆಪ್ರತಿಗಳನ್ನು ಪರಿಷ್ಕರಿಸುವ ಪಂಡಿತರು ಯಾವ ಪಾಠ ಯಾವ ಪ್ರತಿಯದೆಂದು ತಪ್ಪದೆ ಗುರುತಿಸುವರು. ಆ ಶಿಸ್ತನ್ನು ಕಲಿತ ನಾನೇ ಅದನ್ನು ಮರೆತಿದ್ದೆ. ಈಗ ಪೆಟ್ಟಿಗೆಗೂ ಕಾಗದಕ್ಕೂ ಒಂದೇ ಸಂಖ್ಯೆ, ಒಂದೇ ತಾರೀಖು. ತಂತಿ ಬದಲಿಸಿದವರೇ ಅಂದೇ ಸಾಲನ್ನೂ ತಿದ್ದಬೇಕು. ಹಳೆಯದನ್ನು ಅಳಿಸದೆ ಗೆರೆಯೆಳೆದು, ಪಕ್ಕದಲ್ಲಿ ಕಾರಣ ಬರೆಯಬೇಕು. ಕಡೆಗೆ, ಪೆಟ್ಟಿಗೆಯನ್ನು ಕಂಡೇ ಇರದ ಮಗುವೊಂದು ಕಾಗದ ಓದಿ ನುಡಿಸಬೇಕು. ನುಡಿದರೆ ಮಾತ್ರ ಬರಹ ಸರಿ.

ಈ ಸಲ ಆ ಕಾಗದವನ್ನು ತಿದ್ದಿದವಳು ಅದೇ ಬಾಲಕಿ.