ಹಬ್ಬಕ್ಕೂ ಗಲಭೆಗೂ ಮಾತ್ರ ಬರುವ ಕ್ಯಾಮರಾ

(ಕೆಸರೆಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಆಕಾಶವಾಣಿ’ ಎಂಬ ಹೆಸರು ಮೈಸೂರಿನ ಕೊಡುಗೆ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಊರಿನವರೇ ಊರಿಗಾಗಿ ಮಾತನಾಡಬಹುದೆಂದು ಅದು ತೋರಿಸಿಕೊಟ್ಟಿತು. ಇಂದಿನ ಸ್ಥಳೀಯ ಕೇಬಲ್ ವಾಹಿನಿಗಳು ಆ ಪರಂಪರೆಯ ವಾರಸುದಾರರಾಗಬೇಕು.

ಆದರೆ ಕೆಸರೆಗೆ, ಉದಯಗಿರಿಗೆ ಕ್ಯಾಮರಾ ಬರುವುದು ಯಾವಾಗ? ಈದ್ ದಿನ ನಮಾಝ್ ತೋರಿಸಲು. ಇಲ್ಲವೇ ಉದ್ವಿಗ್ನತೆಯ ದಿನ ಪೊಲೀಸ್ ವಾಹನ ತೋರಿಸಲು. ಉಳಿದ ದಿನಗಳಲ್ಲಿ ಇಲ್ಲಿನ ಮಕ್ಕಳು ಎಸ್ಸೆಸ್ಸೆಲ್ಸಿಗೆ ಓದುತ್ತಾರೆ, ತಾಯಂದಿರು ಬೀಡಿ ಕಟ್ಟುತ್ತಾ ಸಂಸಾರ ತೂಗಿಸುತ್ತಾರೆ. ನೆರೆಯ ಬಡಾವಣೆಯ ಸಹೋದರನಿಗೆ ಇದಾವುದೂ ಕಾಣುವುದಿಲ್ಲ. ಕಾಣದ ಜಾಗವನ್ನು ವದಂತಿ ತುಂಬುತ್ತದೆ.

2020ರಲ್ಲಿ ನಿಝಾಮುದ್ದೀನ್ ಮರ್ಕಝ್‌ನ ನೆಪದಲ್ಲಿ ಹಲವು ವಾಹಿನಿಗಳು ಇಡೀ ಸಮುದಾಯವನ್ನೇ ರೋಗದ ವಾಹಕವೆಂದು ಬಿಂಬಿಸಿದವು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಗೊಳಿಸುತ್ತಾ ಮಾಧ್ಯಮಗಳ ಅಪಪ್ರಚಾರವನ್ನು ಖಂಡಿಸಿತು. ಆದರೆ ಮನಸ್ಸಿಗೆ ಇಳಿದ ದೃಶ್ಯವನ್ನು ತೀರ್ಪು ಅಳಿಸಲಾರದು.

ಧರ್ಮ ಹಾಗೂ ಸಮುದಾಯಗಳ ಮೇಲೆ ದಾಳಿ ಮಾಡುವ ಕಾರ್ಯಕ್ರಮಗಳನ್ನು 1994ರ ಕೇಬಲ್ ಟೆಲಿವಿಷನ್ ನಿಯಮಗಳ ಕಾರ್ಯಕ್ರಮ ಸಂಹಿತೆ ನಿಷೇಧಿಸುತ್ತದೆ. ಅಗತ್ಯವಿದ್ದಾಗ ದೂರು ನೀಡೋಣ. ಆದರೆ ದೂರಿನಿಂದ ಕೆಟ್ಟ ಕಾರ್ಯಕ್ರಮ ನಿಲ್ಲಬಹುದು, ಒಳ್ಳೆಯ ಕಾರ್ಯಕ್ರಮ ಹುಟ್ಟದು.

ಆದ್ದರಿಂದ ವಾಹಿನಿ ನಡೆಸುವವರಲ್ಲಿ ಮೂರು ವಿನಂತಿಗಳು. ಸಂಜೆ ಏಳರಿಂದ ಎಂಟು ಮಕ್ಕಳ ಓದಿನ ವೇಳೆ; ಆಗ ಗಣಿತ, ವಿಜ್ಞಾನದ ಪಾಠಗಳನ್ನು ಪ್ರಸಾರ ಮಾಡಿರಿ. ವಾರಕ್ಕೊಮ್ಮೆ ವಾರ್ಡಿನ ನೀರು, ಚರಂಡಿ, ವಿದ್ಯಾರ್ಥಿ ವೇತನದ ಬಗ್ಗೆ ಅಧಿಕಾರಿಗಳನ್ನು ಜನರ ಮುಂದೆ ಕೂರಿಸಿರಿ. ಎಲ್ಲ ಮತಸ್ಥರೂ ಕೇಳುವ ಪ್ರಶ್ನೆಗಳು ಒಂದೇ ಎಂಬುದು ತಾನಾಗಿ ತಿಳಿಯುತ್ತದೆ. ಉದ್ವಿಗ್ನತೆಯ ವೇಳೆ ದೃಢಪಡದ ದೃಶ್ಯವನ್ನು ತಡೆಹಿಡಿಯಿರಿ.

ಇನ್ನು ನಮ್ಮ ಹೊಣೆ. ರಾತ್ರಿ ಧಾರಾವಾಹಿ ನೋಡಿ ಬೆಳಿಗ್ಗೆ ಮಾಧ್ಯಮಗಳನ್ನು ಬಯ್ದರೆ ಸಾಲದು. ನಮ್ಮ ವೈದ್ಯರು, ಶಿಕ್ಷಕಿಯರು, ವಿದ್ಯಾರ್ಥಿನಿಯರು ಕ್ಯಾಮರಾದ ಮುಂದೆ ಬಂದು, ನೆರೆಯವರಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಮಾತನಾಡಲಿ. ಸಮುದಾಯದ ಪರವಾಗಿ ಸದಾ ಪುರುಷರಷ್ಟೇ ಮಾತನಾಡುವುದೇಕೆ?

ಸುದ್ದಿಯನ್ನು ಪರಿಶೀಲಿಸದೆ ನಂಬಬೇಡಿರೆಂದು ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯದ 6ನೆಯ ಸೂಕ್ತ ಎಚ್ಚರಿಸುತ್ತದೆ. ಅದು ವಾಹಿನಿಗಳಿಗೆಷ್ಟೋ, ಮೊಬೈಲ್ ಹಿಡಿದ ನಮಗೂ ಅಷ್ಟೇ ಅನ್ವಯಿಸುತ್ತದೆ. ಸತ್ಯವನ್ನು ಹೇಳುವ ಧೈರ್ಯವನ್ನೂ ಕೇಳುವ ಸಹನೆಯನ್ನೂ ಅಲ್ಲಾಹನು ನಮಗೆ ಕರುಣಿಸಲಿ.